ಆ ಆಮೆಯನ್ನು ತೆಗೆದುಬಿಡಿ

ಲೆಂಟ್ ಕಾಲದಲ್ಲಿ ಬಿಡಬೇಕಾದ್ದು ಮೀನೋ, ಮಾಂಸವೋ, ಮೊಬೈಲೋ ಎಂಬ ಬಗ್ಗೆ ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಅದಕ್ಕೊಂದು ಸಂಗತಿ ಹುಡುಕಲು ಗಾಸ್ನರನ ಹೃದಯ ಪುಸ್ತಕ ತೆಗೆದೆ. ಆ ಪುಸ್ತಕ ತೆಗೆದರೆ ಮಿಕ್ಕ ವಿಷಯವೆಲ್ಲ ಮುಂದಿನ ವಾರಕ್ಕೆ ಹೋಯಿತೆಂದೇ ಲೆಕ್ಕ. ಈ ಅಂಕಣದ ಹಳೆಯ ಓದುಗರಿಗೆ ಇದು ಹೊಸದೇನಲ್ಲ.

ಹೊಸಬರಿಗೆ ಎರಡು ಮಾತು. ಯೋಹಾನ್ನೆಸ್ ಗಾಸ್ನರ್ (1773–1858) ಬವೇರಿಯದ ಕಥೋಲಿಕ ಗುರು. ಆಮೇಲೆ ಲೂಥರನ್ ಸಭೆ ಸೇರಿ ಬರ್ಲಿನ್ನಿನಲ್ಲಿ ಸಭಾಪಾಲಕನಾದವನು. 1845ರಲ್ಲಿ ರಾಂಚಿಗೆ ಬಂದಿಳಿದ ಮಿಶನರಿಗಳನ್ನು ಕಳಿಸಿದವನೂ ಇವನೇ. ಅದಕ್ಕಿಂತ ಬಹಳ ಹಿಂದೆ, 1812ರಲ್ಲಿ, ಫ್ರಾನ್ಸಿನ ಕಡೆಯಿಂದ ಬಂದಿದ್ದ ಹಳೆಯ ಚಿತ್ರಗಳಿಗೆ ತನ್ನ ವಿವರಣೆ ಸೇರಿಸಿ ಪುಟ್ಟದೊಂದು ಪುಸ್ತಕ ತಂದ. ಇರುವುದು ಹತ್ತೇ ಚಿತ್ರ. ಎಲ್ಲದರಲ್ಲೂ ಒಂದು ದೊಡ್ಡ ಹೃದಯ, ಹೃದಯದ ಮೇಲೊಂದು ಮುಖ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೊದಲ ಮೂವರಲ್ಲಿ ಒಬ್ಬನಾದ ಸಾಮುವೇಲ್ ಹೆಬಿಕ್, ಉದ್ದ ಗಡ್ಡದ ಆ ಹಟವಾದಿ, ಈ ಚಿತ್ರಗಳನ್ನು ಕೈಯಲ್ಲಿ ಹಿಡಿದೇ ಪ್ರಸಂಗ ಮಾಡುತ್ತಿದ್ದ. ಓದು ಬರಹ ಬಾರದವನಿಗೂ ತನ್ನ ಒಳಗು ಕಾಣಬೇಕು ಎಂಬುದು ಅವನ ಲೆಕ್ಕ.

ಮೊದಲನೆಯ ಚಿತ್ರದ ಹೃದಯದ ನಡುವೆ ಸೈತಾನ ಕೂತಿದ್ದಾನೆ. ಸುತ್ತ ಏಳು ಪ್ರಾಣಿಗಳು. ನವಿಲು ಗರ್ವಕ್ಕೆ, ಹೋತ ಕಾಮಕ್ಕೆ, ಹಂದಿ ಹೊಟ್ಟೆಬಾಕತನಕ್ಕೆ, ಹುಲಿ ಸಿಟ್ಟಿಗೆ, ಹಾವು ಹೊಟ್ಟೆಕಿಚ್ಚಿಗೆ, ನೆಲಗಪ್ಪೆ ಲೋಭಕ್ಕೆ. ಏಳನೆಯದು ಆಮೆ, ಸೋಮಾರಿತನಕ್ಕೆ. ಪವಿತ್ರಾತ್ಮನ ಪಾರಿವಾಳ ಹೊರಗಿದೆ. ಚಿತ್ರಗಳು ಒಂದೊಂದಾಗಿ ಮುಂದುವರಿದಂತೆ ಪ್ರಾಣಿಗಳು ಹೊರಗೆ ಹೋಗುತ್ತವೆ, ಪಾರಿವಾಳ ಒಳಗೆ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಆರನೆಯದು. ಉತ್ಸಾಹ ತಣ್ಣಗಾದ ವಿಶ್ವಾಸಿಯ ಹೃದಯ ಅದು. ಮೇಲಿನ ಮುಖ ನೋಡಿ: ಒಂದು ಕಣ್ಣು ತೂಕಡಿಸುತ್ತಿದೆ, ಇನ್ನೊಂದು ಅತ್ತ ಲೋಕದ ಕಡೆ ಹೊರಳುತ್ತಿದೆ. ಬಾಗಿಲಾಚೆ ಓಡಿಸಿದ್ದ ಪ್ರಾಣಿಗಳು ಮತ್ತೆ ಮೂಗು ತೂರಿಸುತ್ತಿವೆ. ಆ ಒಂದು ಕಣ್ಣನ್ನು ಕೆತ್ತಿದ ಅನಾಮಧೇಯ ಕುಶಲಕರ್ಮಿಗೆ ದೇವಶಾಸ್ತ್ರದ ಡಾಕ್ಟರೇಟ್ ಕೊಡಬಹುದಿತ್ತು.

ಆದರೆ ಆಮೆಯ ವಿಷಯದಲ್ಲಿ ನನಗೂ ಗಾಸ್ನರನಿಗೂ ಹಳೆಯ ಜಗಳವಿದೆ.

ಏಳು ಪಾಪಗಳ ಈ ಪಟ್ಟಿ ಹುಟ್ಟುವಾಗ ಏಳಾಗಿರಲಿಲ್ಲ, ಎಂಟಾಗಿತ್ತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಕೆಲ್ಲಿಯ ಎಂಬ ಮರುಭೂಮಿಯ ಗುಡಿಸಲಿನಲ್ಲಿ ಕೂತು ಇವಾಗ್ರಿಯಸ್ ಎಂಬ ಸನ್ಯಾಸಿ ಅದನ್ನು ಬರೆದ. ಪಾಪಗಳು ಎನ್ನಲಿಲ್ಲ, ಹೃದಯಕ್ಕೆ ನುಗ್ಗುವ ಯೋಚನೆಗಳು ಎಂದ. ಅವುಗಳಲ್ಲಿ ಅಕೀಡಿಯ ಎಂಬುದೊಂದನ್ನು ಅತಿ ಭಾರವಾದ ಯೋಚನೆ ಎಂದು ಗುರುತಿಸಿದ. ಸುಮಾರು ಇನ್ನೂರು ವರ್ಷದ ಮೇಲೆ ಪೋಪ್ ಗ್ರೆಗರಿ ಪಟ್ಟಿಯನ್ನು ತಿದ್ದಿ ಅಕೀಡಿಯವನ್ನು ದುಃಖದೊಳಗೆ ಸೇರಿಸಿಬಿಟ್ಟ. ಮುಂದಿನವರ ಕೈಯಲ್ಲಿ ಅದು ಸವೆದು ಸವೆದು ಬರೀ ಮೈಗಳ್ಳತನವಾಯಿತು. ಮೈಗಳ್ಳತನಕ್ಕೆ ಚಿತ್ರ ಬೇಕಾದಾಗ ಪಾಪ, ಆಮೆ ಸಿಕ್ಕಿಬಿತ್ತು. ನಮ್ಮ ಕರಾವಳಿಗೆ ಬಂದ ಜರ್ಮನ್ ಪಾದ್ರಿಗಳಿಗಂತೂ ಈ ಆಮೆ ಬಹಳ ಹಿಡಿಸಿರಬೇಕು. ಮಗ್ಗ, ಹೆಂಚಿನ ಕಾರ್ಖಾನೆ, ಅಚ್ಚುಕೂಟ ಕಟ್ಟಿ ಸಭೆಯವರಿಗೆ ಕೆಲಸ ಹಚ್ಚಿದವರು ಅವರು. ಬೆಳಗಿನ ಗಂಟೆಗೆ ಏಳದವನ ಹೃದಯ ಸರಿಯಿಲ್ಲ ಎಂದು ನಂಬಲು ಅವರಿಗೆ ಕಷ್ಟವೇನೂ ಇರಲಿಲ್ಲ.

ಇವಾಗ್ರಿಯಸ್ ಕಂಡದ್ದು ಮೈಗಳ್ಳನನ್ನಲ್ಲ. ಅವನು ಬರೆದದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ತುಸು ಉದ್ದವಾದರೂ ಸಹಿಸಿಕೊಳ್ಳಿ. ಈ ಭೂತ ಬರುವುದು ಬೆಳಿಗ್ಗೆ ಹತ್ತರ ಹೊತ್ತಿಗೆ, ಬಿಡುವುದು ಮಧ್ಯಾಹ್ನ ಎರಡಕ್ಕೆ. ಮೊದಲು ಸೂರ್ಯನನ್ನು ಆಕಾಶದಲ್ಲಿ ಮೊಳೆ ಹೊಡೆದು ನಿಲ್ಲಿಸುತ್ತದೆ. ಹಗಲಿಗೆ ಐವತ್ತು ಗಂಟೆ ಇದೆಯೇನೋ ಅನ್ನಿಸುತ್ತದೆ. ಸನ್ಯಾಸಿಯ ಕಣ್ಣು ಕಿಟಕಿಗೆ ಹೋಗುತ್ತದೆ. ಎದ್ದು ಹೊರಗೆ ಬರುತ್ತಾನೆ. ಊಟದ ಮೂರು ಗಂಟೆಗೆ ಇನ್ನೆಷ್ಟು ಹೊತ್ತಿದೆ ಎಂದು ನೆರಳು ನೋಡುತ್ತಾನೆ. ಯಾರಾದರೂ ಸೋದರರು ಬರುತ್ತಿದ್ದಾರೆಯೇ ಎಂದು ಅತ್ತಿತ್ತ ಇಣುಕುತ್ತಾನೆ. ಆಮೇಲೆ ಇರುವ ಜಾಗದ ಮೇಲೆ, ಕೈಯ ಕೆಲಸದ ಮೇಲೆ ಬೇಸರ ಹುಟ್ಟುತ್ತದೆ. ಇಲ್ಲಿ ಪ್ರೀತಿಯೇ ಸತ್ತುಹೋಗಿದೆ, ನನ್ನನ್ನು ವಿಚಾರಿಸುವವರಿಲ್ಲ ಎಂಬ ಕೊರಗು. ಈಚೆಗೆ ಯಾರಾದರೂ ಮನಸ್ಸು ನೋಯಿಸಿದ್ದರೆ ಭೂತ ಅದನ್ನೂ ತಂದು ಮುಂದಿಡುತ್ತದೆ. ಕೊನೆಗೆ ಮೆಲ್ಲನೆ ಕಿವಿಯಲ್ಲಿ ಊದುತ್ತದೆ: ಬೇರೆ ಕಡೆ ಹೋದರೆ ಜೀವನ ಸುಲಭ, ದೇವರಿಗೇನು, ಎಲ್ಲಿ ಆರಾಧಿಸಿದರೂ ಆದೀತು. ಕೇಳುವುದಕ್ಕೆ ಎಷ್ಟು ಚೆಂದದ ದೇವಶಾಸ್ತ್ರ!

ಕ್ಯಾಸಿಯನ್ ಎಂಬ ಸನ್ಯಾಸಿ ಇದನ್ನೇ ಲ್ಯಾಟಿನ್ನಿಗೆ ತಂದಾಗ ಇನ್ನೊಂದು ಚೂಪು ಸೇರಿಸಿದ. ಈ ಕಾಯಿಲೆಯವನಿಗೆ ಥಟ್ಟನೆ ಪುಣ್ಯಕಾರ್ಯಗಳು ನೆನಪಾಗುತ್ತವಂತೆ. ದೂರದಲ್ಲೊಬ್ಬರು ಕಾಯಿಲೆ ಬಿದ್ದಿದ್ದಾರೆ, ನೋಡಿ ಬರಬೇಕು. ದಿಕ್ಕಿಲ್ಲದ ಒಬ್ಬ ಭಕ್ತೆ ಇದ್ದಾರೆ, ವಿಚಾರಿಸಿಕೊಳ್ಳಬೇಕು. ಎಲ್ಲವೂ ಒಳ್ಳೆಯದೇ. ಒಂದೇ ಒಂದು ಆಗುವುದಿಲ್ಲ, ಕೂತಲ್ಲಿ ಕೂರುವುದು.

ಇದು ಆಮೆಯೇ? ಕೊಂಬೆಯಿಂದ ಕೊಂಬೆಗೆ ಹಾರುವ ಮಂಗ ಇದು. ಗಾಸ್ನರನ ಚಿತ್ರದಿಂದ ಆಮೆಯನ್ನು ಇಳಿಸಿ ಅಲ್ಲಿ ಮಂಗನನ್ನು ಕೂರಿಸಿದರೆ ನಮ್ಮ ಸಭೆಗಳಲ್ಲಿ ಅರ್ಧ ಜನ ಕನ್ನಡಿ ನೋಡಿದಂತೆ ಬೆಚ್ಚಿಬೀಳುತ್ತಾರೆ. ಶುಕ್ರವಾರ ಒಂದು ಕಡೆ ಉಪವಾಸ ಪ್ರಾರ್ಥನೆ, ಶನಿವಾರ ಇನ್ನೊಂದು ಕಡೆ ರಿಟ್ರೀಟ್, ಭಾನುವಾರ ಬೆಳಿಗ್ಗೆ ಸ್ವಂತ ಸಭೆಯಲ್ಲಿ ಕೂತು ಗಡಿಯಾರ ನೋಡುವುದು, ಸಂಜೆ ಗಿಟಾರು ಡ್ರಮ್ಮು ಇರುವ ಹೊಸ ಸಭೆ, ರಾತ್ರಿ ಮಲಗುವವರೆಗೆ ಯೂಟ್ಯೂಬಿನ ಪ್ರಸಂಗಿ. ಕಾಲಿಗೆ ಚಕ್ರ ಕಟ್ಟಿಕೊಂಡ ಇಂಥವರನ್ನು ಸೋಮಾರಿ ಎನ್ನಲು ಯಾರಿಗಾದರೂ ಬಾಯಿ ಬಂದೀತೇ? ಬಹಳ ಭಕ್ತರು ಅನ್ನುತ್ತೇವೆ. ‘ನಮ್ಮ ಅಯ್ಯನವರ ಪ್ರಸಂಗದಲ್ಲಿ ಏನೂ ಸಿಗುವುದಿಲ್ಲ’ ಎಂದು ಅವರು ಹೇಳಿದರೆ ಹೌದು ಹೌದು ಎಂದು ತಲೆಯಾಡಿಸುತ್ತೇವೆ. ದೂರದ ಬೆಟ್ಟ ನುಣ್ಣಗೆ ಎಂಬುದು ಸಭೆಗಳ ವಿಷಯದಲ್ಲೂ ನಿಜವಿರಬಹುದೆಂದು ಹೊಳೆಯುವುದೇ ಇಲ್ಲ.

ಇಲ್ಲಿಯೇ ಬೆಚ್ಚನೆಯ ಹೃದಯದ ಪಂಥದವರಿಗೂ ಒಂದು ಬಾಕಿ ತೀರಿಸಬೇಕು. ಎದೆ ಬಿಸಿಯಾದರೆ ಆರೋಗ್ಯ, ಒಣಗಿದರೆ ಪಾಪ ಎನ್ನುವವರು ಇವರು. ಹಿಂದೊಮ್ಮೆ ಒಂದು ಕನ್ವೆನ್ಶನ್ನಿನ ಪ್ರಸಂಗಿ, ಕಣ್ಣೀರು ಬಾರದವರೆಲ್ಲ ಗುಟ್ಟಾಗಿ ಏನನ್ನೋ ಬಚ್ಚಿಟ್ಟುಕೊಂಡಿದ್ದೀರಿ ಎಂದು ಮೈಕಿನಲ್ಲಿ ಗುಡುಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ಗಾಬರಿಯಿಂದ ಕಣ್ಣು ಉಜ್ಜಿಕೊಳ್ಳತೊಡಗಿದರು. ಈ ಪಂಥದವರ ಸಾಕ್ಷಿ ಯಾವಾಗಲೂ ಜಾನ್ ವೆಸ್ಲಿ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಹೃದಯ ಬೆಚ್ಚಗಾಯಿತಲ್ಲ, ಅದು. ಸರಿ. ಆದರೆ ಅವನ ದಿನಚರಿಯ ಪುಟಗಳನ್ನು ಇನ್ನಷ್ಟು ತಿರುಗಿಸಿದವರು ಇವರಲ್ಲಿ ಎಷ್ಟು ಜನ? ಎಂಟು ತಿಂಗಳೂ ಆಗಿಲ್ಲ, 1739ರ ಜನವರಿ 4ರ ಕೆಳಗೆ ಒಂದು ಟಿಪ್ಪಣಿ ಇದೆ. ಬರೆದವನ ಹೆಸರಿಲ್ಲದಿದ್ದರೂ ವೆಸ್ಲಿಯದೇ ಎಂದು ಓದುವುದು ವಾಡಿಕೆ. ತಾನು ಈಗಲೂ ಕ್ರೈಸ್ತನಲ್ಲ, ತನ್ನಲ್ಲಿ ದೇವರ ಪ್ರೀತಿಯಿಲ್ಲ ಎಂಬ ಧಾಟಿ ಅದರದು. ಬೆಚ್ಚಗಾದ ಎದೆ ಇಷ್ಟು ಬೇಗ ತಣ್ಣಗಾದಾಗ ಅವನು ಇನ್ನೊಂದು ಆಲ್ಡರ್ಸ್‌ಗೇಟ್ ಹುಡುಕಿಕೊಂಡು ಬೀದಿ ಅಲೆಯಲಿಲ್ಲ. ಆ ಏಪ್ರಿಲ್ಲಿನಲ್ಲಿ ಬ್ರಿಸ್ಟಲ್ಲಿನ ಬಯಲಿನಲ್ಲಿ ನಿಂತು ಬಡವರಿಗೆ ಪ್ರಸಂಗ ಮಾಡಿದ, ಮುಂದೆ ಐವತ್ತು ವರ್ಷ ಅದೇ ಕೆಲಸ ಮಾಡಿದ. ಬೆಚ್ಚನೆಯ ಪಂಥದವರಿಗೆ ಮೇ ತಿಂಗಳಿನ ವೆಸ್ಲಿ ಮಾತ್ರ ಬೇಕು.

ಹಾಗಾದರೆ ಒಣಗಿದ ಹೃದಯಕ್ಕೆ ಮದ್ದೇನು? ಕ್ಯಾಸಿಯನ್ ಹೇಳುವ ಪೌಲನೆಂಬ ಸನ್ಯಾಸಿಯ ಕಥೆ ನನಗೆ ಪ್ರಾಣ. ಇವನ ಗುಡಿಸಲು ಊರಿನಿಂದ ಏಳು ದಿನದ ದಾರಿ. ಖರ್ಜೂರದ ಮರಗಳೂ ಸಣ್ಣದೊಂದು ತೋಟವೂ ಇದ್ದವು, ಹೊಟ್ಟೆಗೆ ಸಾಕಾಗುತ್ತಿತ್ತು. ಮಿಕ್ಕ ಸನ್ಯಾಸಿಗಳು ಗರಿ ಹೆಣೆದು ಮಾರಿ ಬದುಕುತ್ತಿದ್ದರು. ಇವನು ಹೆಣೆದದ್ದನ್ನು ಪೇಟೆಗೆ ಸಾಗಿಸಿದರೆ ಮಾರಿದ ಹಣಕ್ಕಿಂತ ಬಾಡಿಗೆಯೇ ಹೆಚ್ಚು. ಆದರೂ ದಿನಾ ಗರಿ ಕಿತ್ತು ತರುತ್ತಿದ್ದ, ಅದನ್ನೇ ನಂಬಿ ಬದುಕುವವನ ಹಾಗೆ ಇಷ್ಟು ಕೆಲಸ ಎಂದು ಗೊತ್ತುಮಾಡಿಕೊಂಡು ಮುಗಿಸುತ್ತಿದ್ದ. ವರ್ಷದ ಕೊನೆಗೆ ಗವಿಯ ತುಂಬ ಮಾಲು. ಅದಕ್ಕೆ ಬೆಂಕಿ ಹಚ್ಚಿ, ಮಾರನೆಯ ವರ್ಷದ ಕೆಲಸ ಶುರುಮಾಡುತ್ತಿದ್ದ. ಕೈಗೆ ಕೆಲಸವಿಲ್ಲದೆ ಹೃದಯ ಒಂದೆಡೆ ನಿಲ್ಲದು ಎಂದು ಕ್ಯಾಸಿಯನ್ ಇದಕ್ಕೆ ಷರಾ ಬರೆಯುತ್ತಾನೆ. ನಾನು ಇನ್ನೂ ಒಂದು ಸೇರಿಸುತ್ತೇನೆ: ಆ ಕೆಲಸದಿಂದ ಏನಾದರೂ ‘ಸಿಗಬೇಕು’ ಎಂಬ ಹಟವನ್ನೂ ಪೌಲ ಆ ಬೆಂಕಿಗೆ ಹಾಕಿದ. ಪ್ರಾರ್ಥನೆಯಲ್ಲಿ ಏನೂ ಸಿಗುತ್ತಿಲ್ಲ ಎಂದು ದೂರುವವರು ಈ ಮನುಷ್ಯನ ಬೂದಿಯ ರಾಶಿಯನ್ನು ಒಮ್ಮೆ ನೋಡಬೇಕು.

ನೆಟ್ಟಗೆ ಕೇಳುವ ಓದುಗರು ಇಷ್ಟು ಹೊತ್ತಿಗೆ ಕೈ ಎತ್ತಿರುತ್ತಾರೆ. ಕೂತಲ್ಲೇ ಕೂರಿ ಎಂದ ಇವಾಗ್ರಿಯಸ್ ಸ್ವತಃ ಓಡಿಹೋದವನಲ್ಲವೇ? ಹೌದು. ಕಾನ್ಸ್ಟಾಂಟಿನೋಪಲ್ಲಿನಲ್ಲಿ ಹೆಸರು ಮಾಡಿದ ಸಭಾಸೇವಕ, ಒಬ್ಬ ದೊಡ್ಡ ಮನೆತನದ ವಿವಾಹಿತೆಯ ಮೋಹದಲ್ಲಿ ಸಿಕ್ಕಿ, ಕನಸಿನಲ್ಲಿ ಬೆದರಿ, ಹಡಗು ಹತ್ತಿ ಯೆರೂಸಲೇಮಿಗೆ ಓಡಿದ. ಆ ಓಟ ಅವನನ್ನು ಉಳಿಸಿತು. ಹಾಗಿದ್ದ ಮೇಲೆ ಯಾವ ಓಟ ಮದ್ದು, ಯಾವುದು ರೋಗ?

ಲೊಯೋಲದ ಇಗ್ನೇಷಿಯಸ್ ಇದಕ್ಕೊಂದು ಪಥ್ಯ ಹೇಳಿದ್ದಾನೆ: ಮನಸ್ಸು ಬತ್ತಿದ ದಿನಗಳಲ್ಲಿ, ಮೊದಲು ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡಿಗೆ ಕಾಲು ಕೊಟ್ಟು ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಕಲಿತವನು ಅವನು. ಏಳಲಾರದವನಿಗೆ ಓಡುವ ಯೋಚನೆಗಳನ್ನು ಎಣಿಸಲು ಬೇಕಾದಷ್ಟು ಪುರಸೊತ್ತಿತ್ತು. ಸಭೆ ಬಿಡಬೇಕೆಂಬ ಯೋಚನೆ ಬಂದವರು ಬಿಡಲಿ, ಬೇಡವೆನ್ನುವುದಿಲ್ಲ. ಒಣಗಿದ ಮಂಗಳವಾರದಂದು ತೀರ್ಮಾನಿಸುವುದು ಬೇಡ, ಅಷ್ಟೇ.

ಆದರೆ ಇವಾಗ್ರಿಯಸ್ಸಿನ ಕಥೆ ಇಗ್ನೇಷಿಯಸ್ಸಿನ ಪಥ್ಯಕ್ಕಿಂತ ಮುಂದೆ ಹೋಗುತ್ತದೆ. ಅವನ ಶಿಷ್ಯ ಪಲ್ಲಾಡಿಯಸ್ ಹೇಳುವಂತೆ, ಯೆರೂಸಲೇಮಿಗೆ ಬಂದ ಮೇಲೆ ಮತ್ತೆ ಹಳೆಯ ಠೀವಿ, ಮತ್ತೆ ಒಳ್ಳೆಯ ಬಟ್ಟೆ. ಆಮೇಲೆ ಜ್ವರ. ಆರು ತಿಂಗಳಾದರೂ ಬಿಡಲಿಲ್ಲ, ವೈದ್ಯರು ಕೈಚೆಲ್ಲಿದರು. ಆಗ ಅಲ್ಲಿ ಮಠ ನಡೆಸುತ್ತಿದ್ದ ಹಿರಿಯ ಮೆಲಾನಿಯ ಬಂದು, ಈ ಕಾಯಿಲೆ ಮಾಮೂಲಿಯದಲ್ಲ, ಮನಸ್ಸಿನಲ್ಲಿ ಇರುವುದನ್ನು ಹೇಳು ಎಂದು ಕೂತಳು. ಅವನು ಎಲ್ಲ ಹೇಳಿದ. ಕೆಲವೇ ದಿನಗಳಲ್ಲಿ ಎದ್ದ. ಆಮೇಲಿನ ಪ್ರಯಾಣ ಈಜಿಪ್ಟಿಗೆ, ಅಲ್ಲಿ ಸಾಯುವವರೆಗೆ ಕೂತ. ಅಲೆಕ್ಸಾಂಡ್ರಿಯದ ಥಿಯೊಫಿಲಸ್ ಬಿಷಪ್ ಪಟ್ಟಕ್ಕೆ ಕರೆದಾಗಲೂ ಒಲ್ಲೆನೆಂದ.

ನಮ್ಮ ಸಭೆಗಳಲ್ಲಿ ಮೆಲಾನಿಯಗಳಿಗೆ ಬರವಿದೆ ಎಂದು ನಾನು ನಂಬುವುದಿಲ್ಲ. ಹೆಂಗಸರ ಕೂಟದಲ್ಲಿ, ಹಿಂದಿನ ಬೆಂಚಿನಲ್ಲಿ, ಬಾಯಿ ಬಿಗಿಹಿಡಿದು ಕೇಳಬಲ್ಲ ಅಂಥ ಒಬ್ಬರು ಇದ್ದೇ ಇರುತ್ತಾರೆ. ರಿಟ್ರೀಟಿನ ಕೌನ್ಸೆಲಿಂಗ್ ಕ್ಯೂನಲ್ಲಿ ನಿಂತು, ಹೆಸರೂ ಗೊತ್ತಿಲ್ಲದ ಪ್ರಸಂಗಿಯ ಮುಂದೆ ಐದು ನಿಮಿಷ ಅತ್ತು ಬರುವುದು ನಮಗೆ ಸುಲಭ, ಏಕೆಂದರೆ ಅವರು ಸೋಮವಾರ ಬೆಳಿಗ್ಗೆ ಹಾಲಿನ ಅಂಗಡಿಯ ಎದುರು ಸಿಕ್ಕಿ ‘ಈಗ ಹೇಗಿದೆ ಮಗಾ?’ ಎಂದು ಕೇಳುವುದಿಲ್ಲ. ಹಿಂದಿನ ಬೆಂಚಿನವರು ಕೇಳುತ್ತಾರೆ.