ಹೊಸ್ತಿಲ ಮೇಲಿನ ಕೈ

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ‘ನ್ಯಾಯಸ್ಥಾಪಕರು’ ಎಂಬ ಪುಸ್ತಕವಿದೆ. ಅದರ ಕೊನೆಯ ಮೂರು ಅಧ್ಯಾಯಗಳನ್ನು, ಅಂದರೆ 19ರಿಂದ 21ರವರೆಗೆ, ಒಂದು ಊರಿನ ಪಾಪಕ್ಕೆ ಇಡೀ ಜನಾಂಗವೇ ಎದ್ದು ನಿಂತ ಉದಾಹರಣೆಯಾಗಿ ಹೇಳುವವರಿದ್ದಾರೆ. ಅನ್ಯಾಯ ಕಂಡಾಗ ಸುಮ್ಮನಿರಬಾರದು, ಅದು ಎಲ್ಲರ ಹೊಣೆ ಎಂಬುದು ಅವರು ತೆಗೆಯುವ ಅರ್ಥ. ಮಾತು ಒಳ್ಳೆಯದೇ. ಆದರೆ ಹೆಂಗಸಾಗಿ ಕೂತು ಓದಿದರೆ ಈ ಅರ್ಥ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಫ್ರಾಯೀಮ್ ಬೆಟ್ಟದ ಸೀಮೆಯ ಒಬ್ಬ ಲೇವಿಯ. ಅವನಿಗೊಬ್ಬಳು ಉಪಪತ್ನಿ. ಅವಳು ಅವನನ್ನು ಬಿಟ್ಟು ಬೇತ್ಲೆಹೇಮಿನ ತವರಿಗೆ ಹೋಗಿಬಿಡುತ್ತಾಳೆ. ಯಾಕೆ ಹೋದಳು? ಹೀಬ್ರೂ ಪಾಠ ಅವಳ ನಡತೆ ಸರಿಯಿರಲಿಲ್ಲ ಎನ್ನುತ್ತದೆ. ಹಳೆಯ ಗ್ರೀಕ್ ಪಾಠವೊಂದು, ಅವಳಿಗೆ ಅವನ ಮೇಲೆ ಸಿಟ್ಟು ಬಂದಿತ್ತು ಎನ್ನುತ್ತದೆ. ಗಂಡನ ಮನೆ ಬಿಟ್ಟು ಬಂದವಳ ಬಗ್ಗೆ ಊರಲ್ಲಿ ಈ ಎರಡು ಮಾತು ಎಂದಿನಿಂದಲೂ ಇದ್ದದ್ದೇ! ನಾಲ್ಕು ತಿಂಗಳಾದ ಮೇಲೆ ಅವನು ಕರೆಯಲು ಬರುತ್ತಾನೆ. ಮಾವ ಅಳಿಯನನ್ನು ಐದು ದಿನ ಉಪಚರಿಸಿ ಕಳಿಸುತ್ತಾನೆ. ಮಗಳನ್ನು ಯಾರೂ ಒಂದು ಮಾತು ಕೇಳಿದಂತೆ ಕಾಣೆ.

ದಾರಿಯಲ್ಲಿ ಹೊತ್ತು ಮುಳುಗುತ್ತದೆ. ಯೆಬೂಸ್ ಪಟ್ಟಣ ಹತ್ತಿರವಿದ್ದರೂ ಅದು ಪರಕೀಯರದು ಎಂದು ಬಿಟ್ಟು, ನಮ್ಮವರ ಊರು ಎಂದು ಬೆನ್ಯಾಮೀನ್ ಕುಲದವರ ಗಿಬೆಯಕ್ಕೆ ಬರುತ್ತಾರೆ. ನಮ್ಮವರಲ್ಲಿ ಒಬ್ಬರೂ ಬಾಗಿಲು ತೆರೆಯುವುದಿಲ್ಲ. ಕೊನೆಗೆ ಹೊರಗಿನಿಂದ ಬಂದು ಅಲ್ಲಿ ನೆಲೆಸಿದ್ದ ಒಬ್ಬ ಮುದುಕ ಕರೆದುಕೊಂಡು ಹೋಗುತ್ತಾನೆ. ರಾತ್ರಿ ಊರಿನ ಪುಂಡರು ಮನೆ ಸುತ್ತುವರಿದು, ಆ ಗಂಡಸನ್ನು ಹೊರಗೆ ತಾ ಎನ್ನುತ್ತಾರೆ. ಬೇಡ, ನನ್ನ ಮಗಳಿದ್ದಾಳೆ, ಇವನ ಹೆಂಗಸಿದ್ದಾಳೆ ಎನ್ನುತ್ತಾನೆ ಮುದುಕ. ಅವರು ಕೇಳದಿದ್ದಾಗ ಲೇವಿಯ ತನ್ನವಳನ್ನು ಹಿಡಿದು ಹೊರಕ್ಕೆ ತಳ್ಳುತ್ತಾನೆ. ಬೆಳಗಿನ ಜಾವ ಅವಳು ಬಂದು ಆ ಬಾಗಿಲಲ್ಲಿ ಬೀಳುತ್ತಾಳೆ, ಕೈಗಳು ಹೊಸ್ತಿಲ ಮೇಲೆ. ಕಥೆ ಈ ಜಾಗದಲ್ಲಿ ಅವನನ್ನು ಗಂಡ ಎನ್ನದೆ ಅವಳ ಯಜಮಾನ ಎನ್ನುತ್ತದೆ. ನಮ್ಮ ಕಡೆ ಎರಡಕ್ಕೂ ಒಂದೇ ಮಾತು. ಎದ್ದೇಳು, ಹೋಗೋಣ ಎನ್ನುತ್ತಾನೆ ಯಜಮಾನ. ಉತ್ತರವಿಲ್ಲ. ಅವಳು ಸತ್ತಿದ್ದಳು ಎಂದು ಹೀಬ್ರೂ ಪಾಠ ಅಲ್ಲಿ ಹೇಳುವುದಿಲ್ಲ. ಅಮೆರಿಕದ ವಿದ್ವಾಂಸೆ ಫಿಲಿಸ್ ಟ್ರಿಬಲ್ 1984ರ ತಮ್ಮ ಪುಸ್ತಕದಲ್ಲಿ ಈ ಮೌನದ ಮೇಲೆ ಬೆರಳಿಟ್ಟು ತೋರಿಸಿದ್ದಾರೆ. ಮನೆಗೆ ಒಯ್ದು ಅವಳನ್ನು ಹನ್ನೆರಡು ತುಂಡು ಮಾಡಿ ಇಸ್ರಾಯೇಲಿನ ಸೀಮೆಗೆಲ್ಲ ಕಳಿಸುತ್ತಾನೆ.

ಜನ ಮಿಚ್ಪೆಯಲ್ಲಿ ಸೇರುತ್ತಾರೆ, ನಾಲ್ಕು ಲಕ್ಷ ಕಾಲಾಳು. ಲೇವಿಯ ಫಿರ್ಯಾದು ಹೇಳುತ್ತಾನೆ: ನನ್ನನ್ನು ಕೊಲ್ಲಬೇಕೆಂದಿದ್ದರು, ನನ್ನವಳನ್ನು ಕೆಡಿಸಿದರು, ಅವಳು ಸತ್ತಳು. ಹೊರಗೆ ತಳ್ಳಿದ ಕೈ ಯಾರದೆಂದು ಹೇಳುವುದಿಲ್ಲ. ನಾಲ್ಕು ಲಕ್ಷ ಜನರಲ್ಲಿ ಒಬ್ಬನೂ, ಅವಳು ಬಾಗಿಲಾಚೆಗೆ ಹೇಗೆ ಹೋದಳಪ್ಪಾ ಎಂದು ಕೇಳುವುದಿಲ್ಲ. ಇಡೀ ಕಥೆಯ ಕೀಲು ಇಲ್ಲಿದೆ ಎಂದು ನನಗನ್ನಿಸುತ್ತದೆ. ಇನ್ನು ಗಿಬೆಯದವರನ್ನು ಒಪ್ಪಿಸಿ ಎಂದರೆ ಬೆನ್ಯಾಮೀನರು ಒಪ್ಪಿಸದೆ ಕತ್ತಿ ಹಿಡಿಯುತ್ತಾರೆ. ಆಮೇಲಿನದು ಬರೀ ಲೆಕ್ಕ. ಮೊದಲ ದಿನ 22,000 ಹೆಣ, ಎರಡನೆಯ ದಿನ 18,000, ಮೂರನೆಯ ದಿನ ಬೆನ್ಯಾಮೀನರಲ್ಲಿ 25,000ಕ್ಕೂ ಹೆಚ್ಚು. ಊರುಗಳು ಸುಟ್ಟವು. ಆ ಕುಲದಲ್ಲಿ ಉಳಿದವರು 600 ಗಂಡಸರು.

ಆಗ ಗೆದ್ದವರು ಅಳುತ್ತಾರೆ, ಒಂದು ಕುಲವೇ ಹೋಯಿತಲ್ಲ ಎಂದು. ಇವರಿಗೆ ಹೆಣ್ಣು ಕೊಡುವುದಿಲ್ಲ ಎಂದು ಆಣೆ ಬೇರೆ ಇಟ್ಟುಬಿಟ್ಟಿದ್ದಾರೆ. ಸಭೆಗೆ ಬಾರದ ಯಾಬೇಷ್‌ಗಿಲ್ಯಾದನ್ನು ನಾಶ ಮಾಡಿ ಅಲ್ಲಿಯ 400 ಕನ್ಯೆಯರನ್ನು ತರುತ್ತಾರೆ. ಸಾಲದು. ಶೀಲೋವಿನ ಹಬ್ಬದಲ್ಲಿ ಕುಣಿಯಲು ಬರುವ ಹುಡುಗಿಯರನ್ನು ದ್ರಾಕ್ಷಿತೋಟದಲ್ಲಿ ಅವಿತಿದ್ದು ಹೊತ್ತೊಯ್ಯಿರಿ ಎಂದು ಹಿರಿಯರೇ ಉಪಾಯ ಹೇಳಿಕೊಡುತ್ತಾರೆ. ಅಪ್ಪಂದಿರು, ಅಣ್ಣತಮ್ಮಂದಿರು ದೂರು ತಂದರೆ ಏನು ಸಮಾಧಾನ ಹೇಳಬೇಕೆಂದೂ ಯೋಚಿಸಿಟ್ಟಿದ್ದಾರೆ. ಒಬ್ಬಳಿಗಾದ ಅನ್ಯಾಯಕ್ಕೆಂದು ಹೊರಟ ಸಭೆ ನೂರಾರು ಹೆಣ್ಣುಮಕ್ಕಳಿಗೆ ಅದನ್ನೇ ಮಾಡಿಸಿ ಚದುರುತ್ತದೆ.

ಕುಣಿಗಲ್ಲಿನವಳಾದ ನನಗೆ ಕೆರೆಯ ಹಾಡೆಂದರೆ ನಮ್ಮ ಮೂಡಲ ಕುಣಿಗಲ್ ಕೆರೆಯದೇ ಮೊದಲು ಬಾಯಿಗೆ ಬರುವುದು. ಅದರಲ್ಲಿ ಎಲ್ಲವೂ ಚೆಲುವು. ಈ ಕಥೆ ಓದುತ್ತಾ ನೆನಪಾದದ್ದು ಇನ್ನೊಂದು ಕೆರೆಯ ಹಾಡು, ‘ಕೆರೆಗೆ ಹಾರ’. ಅಲ್ಲಿಯ ಭಾಗೀರಥಿಯೂ ತವರಿಗೆ ಹೋಗುತ್ತಾಳೆ. ಹೆತ್ತವರಿಗೆ ನಿಜ ಹೇಳಲಾರದೆ ಬೇರೇನೋ ಹೇಳಿ ವಾಪಸು ಬರುತ್ತಾಳೆ. ಕೆರೆಗೆ ನೀರು ಬರಲಿಲ್ಲವೆಂದು ಕಿರಿಸೊಸೆಯನ್ನು ಆರಿಸಿದವರು ಮನೆಯವರು, ನೀರಿನ ಫಲ ಊರಿಗೆಲ್ಲ. ಆದರೆ ನಮ್ಮ ಹಾಡು ಒಂದು ವಿಷಯದಲ್ಲಿ ಆ ಕಥೆಗಿಂತ ನಿಷ್ಠುರ. ಅವಳನ್ನು ಕೆರೆಗೆ ಕಳಿಸಿದವರು ಯಾರೆಂದು ಅದು ಮುಚ್ಚಿಡುವುದಿಲ್ಲ. ದಂಡಿನಿಂದ ಓಡಿಬರುವ ಮಾದೇವರಾಯ ತನ್ನ ಹೆಂಡತಿ ಎಲ್ಲಿ ಎಂದು ಕೇಳುತ್ತಾನೆ. ಮಿಚ್ಪೆಯಲ್ಲಿ ಇಲ್ಲದ್ದು ಆ ಒಂದು ಪ್ರಶ್ನೆ.

ಇದೆಲ್ಲ ಹಳೆಯ ಕಾಲದ್ದು ಎಂದು ಪುಸ್ತಕ ಮುಚ್ಚುವಂತಿಲ್ಲ. ನಮ್ಮ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಪಾಲಪುರದಲ್ಲಿ 2010ರಲ್ಲಿ, ಕಳವಿನ ಬಗ್ಗೆ ಪೊಲೀಸರಿಗೆ ದೂರು ಕೊಟ್ಟಿದ್ದ ದಲಿತ ಹೆಣ್ಣುಮಗಳೊಬ್ಬಳನ್ನು ಊರಿನ ಗುಂಪು ಹೊಡೆದು ಕೊಂದಿತು. ಆರೋಪಿಗಳು 27 ಮಂದಿ. ತುಮಕೂರಿನ ನ್ಯಾಯಾಲಯ 2024ರ ನವೆಂಬರಿನಲ್ಲಿ 21 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹದಿನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಆರೋಪಿಗಳಲ್ಲೇ ಕೆಲವರು ತೀರಿಕೊಂಡಿದ್ದರು. ತಡವಾಯಿತು ಎಂದು ನಾನೂ ಹೇಳುತ್ತೇನೆ. ಆದರೆ ಅಲ್ಲಿ ಊರಿಗೆ ಬೆಂಕಿ ಬೀಳಲಿಲ್ಲ, ಒಂದು ಜಾತಿಯನ್ನು ಕಟಕಟೆಗೆ ಎಳೆಯಲಿಲ್ಲ. ಯಾರ ಕೈ, ಯಾರ ಕೈ ಎಂದು ಒಬ್ಬೊಬ್ಬರನ್ನಾಗಿ ಎಣಿಸಿದರು. ಗುಂಪಿನಲ್ಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ ಎಂದುಕೊಂಡವರಿಗೆ ಲೆಕ್ಕ ಸಿಕ್ಕಿತು.

ಹಾಗಾದರೆ ನೋಡಿಯೂ ಸುಮ್ಮನಿದ್ದ ಮಿಕ್ಕವರಿಗೆ ಹೊಣೆಯೇ ಇಲ್ಲವೇ? ಇದೆ. 1989ರ ದೌರ್ಜನ್ಯ ತಡೆ ಕಾಯಿದೆಯ 16ನೇ ಕಲಮಿನಲ್ಲಿ ಇಡೀ ಪ್ರದೇಶದ ನಿವಾಸಿಗಳ ಮೇಲೆ ಸಾಮೂಹಿಕ ದಂಡ ಹಾಕುವ ಅಧಿಕಾರ ಸರ್ಕಾರಕ್ಕಿದೆ. ಅಪರಾಧಿಗಳನ್ನು ಬಚ್ಚಿಟ್ಟರೆ, ಹಿಡಿಯಲು ನೆರವಾಗದಿದ್ದರೆ ಆ ದಂಡ. ಅಂದರೆ ಬೆನ್ಯಾಮೀನರು ಮಾಡಿದರಲ್ಲ, ಅದಕ್ಕೆ. ದಂಡವೆಂದರೆ ಹಣ, ತಲೆಯಲ್ಲ. ಬೇರೆಯವರ ಮನೆಯ ಹೆಣ್ಣುಮಕ್ಕಳಂತೂ ಅಲ್ಲವೇ ಅಲ್ಲ. ಬಾಗಿಲು ತೆರೆಯದಿದ್ದ ಗಿಬೆಯದವರಿಗೂ ಇಂಥದೊಂದು ಸಲ್ಲಬೇಕಿತ್ತು ಎಂದು ನನ್ನ ಅಭಿಪ್ರಾಯ.

ಲೇವಿಯನ ವಿಷಯವೊಂದು ಉಳಿಯಿತು. ಮಿಚ್ಪೆಯ ಸಭೆಯಲ್ಲಿ ಮಾತು ಮುಗಿಸಿದ ಮೇಲೆ ಅವನು ಕಥೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಯುದ್ಧಕ್ಕೆ ಹೋದನೋ, ಎಫ್ರಾಯೀಮಿನ ತನ್ನ ಮನೆಗೆ ಹೋಗಿ ಕೂತನೋ, ಬರೆದವನು ಹೇಳಿಲ್ಲ. ಸಭೆಯವರು ಯಾರೂ ಹುಡುಕಲೂ ಇಲ್ಲ.