ಕಿವಿಯಿಂದ ಅರ್ಥಕ್ಕೆ: ಬೇಂದ್ರೆಯವರ ಕಾವ್ಯರಚನೆ ಮತ್ತು ಕಾವ್ಯಬೋಧೆ

ದ.ರಾ. ಬೇಂದ್ರೆಯವರ (1896–1981) ಕಾವ್ಯಕ್ಕೂ ಜಾನಪದಕ್ಕೂ ಇರುವ ನಂಟನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆಯಲಾಗಿದೆ. ಆದರೆ ಆ ಬರವಣಿಗೆಯ ಬಹುಭಾಗ ಅವರು ಬಳಸಿದ ಮಟ್ಟುಗಳ ಪಟ್ಟಿಯಲ್ಲಿಯೇ ನಿಂತುಬಿಡುತ್ತದೆ. ಜಾನಪದವನ್ನು ಕವಿ ತೊಟ್ಟ ಒಡವೆಯೆಂದು ಭಾವಿಸಿದಾಗ ಹೀಗಾಗುವುದು ಸಹಜ. ಬೇಂದ್ರೆ ಜನಪದರಿಂದ ಪಡೆದದ್ದು ಮಟ್ಟಿಗಿಂತ ಹೆಚ್ಚಾಗಿ ಒಂದು ಕಲಿಕೆಯ ಕ್ರಮವನ್ನು. ಕವಿತೆಯನ್ನು ಅವರು ಕಟ್ಟಿದ ರೀತಿಯೂ ಕಲಿಸಿದ ರೀತಿಯೂ ಆ ಕ್ರಮದಿಂದಲೇ ಹುಟ್ಟಿದವು ಎಂಬುದು ಪ್ರಸ್ತುತ ಲೇಖನದ ವಾದ.

ಬೇಂದ್ರೆ ವೃತ್ತಿಯಿಂದ ಮೇಷ್ಟರು. ಧಾರವಾಡದ ಶಾಲೆಗಳಲ್ಲಿ ಆರಂಭವಾದ ಅವರ ಅಧ್ಯಾಪನ, ‘ನರಬಲಿ’ ಕವಿತೆಗಾಗಿ ಅನುಭವಿಸಿದ ಸೆರೆವಾಸ ಮತ್ತು ನಂತರದ ನಿರುದ್ಯೋಗದ ದಿನಗಳನ್ನು ದಾಟಿ, 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ನೆಲೆಗೊಂಡಿತು. ಆದರೆ ಅವರ ನಿಜವಾದ ತರಗತಿ 1922ರ ಸುಮಾರಿಗೆ ರೂಪುಗೊಂಡ ‘ಗೆಳೆಯರ ಗುಂಪು’. ವಿ.ಕೃ. ಗೋಕಾಕರಂತಹವರು ಬೇಂದ್ರೆಯವರನ್ನು ಗುರುವೆಂದು ಒಪ್ಪಿಕೊಂಡದ್ದು ಅಲ್ಲಿಯೇ. ಅಲ್ಲಿ ಪಠ್ಯಕ್ರಮವಿರಲಿಲ್ಲ, ಕೇಳುವವರಿದ್ದರು. ಬೇಂದ್ರೆಯವರ ಮನೆಮಾತು ಮರಾಠಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಧಾರವಾಡದ ಓಣಿ, ಸಂತೆ, ಜಾತ್ರೆಗಳ ಕನ್ನಡ ಅವರಿಗೆ ಕಿವಿಯ ಗಳಿಕೆ. ಮನೆಮಾತಿನವರು ಗಮನಿಸದೆ ಬಿಡುವ ಎಷ್ಟೋ ಸದ್ದುಗಳನ್ನು ಅವರ ಕಿವಿ ಹಿಡಿದುದಕ್ಕೆ ಇದೂ ಒಂದು ಕಾರಣವಿದ್ದೀತು.

ತ್ರಿಪದಿಯನ್ನೇ ನೋಡೋಣ. ಹನ್ನೊಂದು ಗಣಗಳು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ಛಂದಶ್ಶಾಸ್ತ್ರ ಲೆಕ್ಕ ಕೊಡುತ್ತದೆ. ಬೀಸುವ ಹೆಣ್ಣುಮಗಳಿಗೆ ಈ ಲೆಕ್ಕ ಬೇಡ. ಹಾಡುವಾಗ ಅವಳು ಎರಡನೆಯ ಸಾಲಿನ ಭಾಗವನ್ನು ಮರುಕಳಿಸುತ್ತಾಳೆ. ಕಾಗದದ ಮೂರು ಸಾಲು ಕಿವಿಗೆ ನಾಲ್ಕಾಗುತ್ತದೆ. ಆ ಮರುಕಳಿಕೆಯ ಬಿಡುವಿನಲ್ಲಿ ಜೊತೆಗೆ ಕುಳಿತವಳು ಹಾಡನ್ನು ಕಲಿಯುತ್ತಾಳೆ, ಅರ್ಥ ಕೇಳುವುದಿಲ್ಲ. ಅರ್ಥ ಮುಂದೆ ಎಂದೋ, ಮಗಳನ್ನು ಗಂಡನ ಮನೆಗೆ ಕಳಿಸುವಾಗಲೋ ತವರಿನ ಬಾಗಿಲು ಮುಚ್ಚಿದಾಗಲೋ, ತಾನಾಗಿ ತೆರೆಯುತ್ತದೆ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದಾಗ ಹಾಡುಗಳು ಅಚ್ಚಿಗೆ ಬಂದವು; ಈ ಕಲಿಕೆಯ ಕ್ರಮ ಅಚ್ಚಿಗೆ ಬರಲಿಲ್ಲ, ಬರುವಂತಹುದೂ ಅಲ್ಲ. ಅದನ್ನು ಬರೆಹದ ಕವಿತೆಯೊಳಗೆ ಉಳಿಸಿಕೊಂಡವರು ಬೇಂದ್ರೆ.

‘ಹಾಡು-ಪಾಡು’ ಎಂಬ 1946ರ ಸಂಕಲನದ ಹೆಸರನ್ನೇ ಪರಿಶೀಲಿಸಬಹುದು. ಹಳಗನ್ನಡದ ‘ಪಾಡು’ ಪಕಾರ ಹಕಾರವಾಗಿ ‘ಹಾಡು’ ಆಯಿತು. ಇನ್ನೊಂದು ‘ಪಾಡು’ ಪಡು ಎಂಬ ಧಾತುವಿನಿಂದ ಬಂದದ್ದು. ಅದು ಪಟ್ಟ ಕಷ್ಟ, ಬದುಕಿನ ಸ್ಥಿತಿ. ವ್ಯುತ್ಪತ್ತಿಯಲ್ಲಿ ಬೇರೆಯಾದ ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳಿದೊಡನೆ, ಕಷ್ಟವನ್ನು ತನ್ನಲ್ಲಿಯೇ ಉಳಿಸಿಕೊಂಡು ಅದರ ಸವಿಯನ್ನು ಕೇಳುಗನಿಗೆ ಕೊಡಬೇಕೆಂಬ ಒಂದು ಕಾವ್ಯಮೀಮಾಂಸೆಯೇ ಕೇಳಿಸುತ್ತದೆ. ಇದನ್ನು ಶಬ್ದಚಮತ್ಕಾರವೆಂದು ತಳ್ಳಿಹಾಕುವವರು ಗಾದೆ, ಒಗಟುಗಳನ್ನೂ ತಳ್ಳಿಹಾಕಬೇಕಾದೀತು.

ಹಾಗೆಂದು ಬೇಂದ್ರೆಯವರನ್ನು ‘ಜಾನಪದ ಕವಿ’ ಎಂದು ಕರೆಯುವ ವಾಡಿಕೆಯನ್ನು ನಾನು ಒಪ್ಪಲಾರೆ. ಜನಪದ ಹಾಡುಗಾರ್ತಿ ಸಿದ್ಧ ನುಡಿಗಟ್ಟುಗಳ ಮೇಲೆ ಒರಗಿ ನಡೆಯುತ್ತಾಳೆ. ಆ ನುಡಿಗಟ್ಟು ಅವಳದೂ ಹೌದು, ಊರಿನದೂ ಹೌದು. ಬೇಂದ್ರೆ ಅದೇ ನುಡಿಗಟ್ಟನ್ನು ತಿರುಚಿ, ಒಡೆದು, ತನ್ನ ಅಂಕಿತ ಹಾಕುತ್ತಾರೆ. ಅಂಬಿಕಾತನಯದತ್ತನ ಈ ಅಂಕಿತವನ್ನು ಮರೆತ ಜಾನಪದ ಅಧ್ಯಯನ ಕವಿಗೂ ಜನಪದರಿಗೂ ಅನ್ಯಾಯ ಮಾಡುತ್ತದೆ.

ಉತ್ತರಾರ್ಧದ ಬೇಂದ್ರೆಯವರಲ್ಲಿ ಒಂದು ಇಕ್ಕಟ್ಟು ಕಾಣಿಸುತ್ತದೆ. 1964ರ ‘ನಾಕು ತಂತಿ’ಯ ಹೊತ್ತಿಗೆ ನಾದಕ್ಕೆ ಸಂಖ್ಯೆಯೂ ತತ್ತ್ವವೂ ಹೊಣೆಯಾಗಿ ನಿಲ್ಲುತ್ತವೆ. ಈ ಸಂಕಲನಕ್ಕೆ 1973ರ ಜ್ಞಾನಪೀಠ ಸಂದಿತು. ಅದರ ಎತ್ತರವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಆ ಕಾಲದ ಅನೇಕ ರಚನೆಗಳು ಕೇಳಿದೊಡನೆ ಒಲಿಯುವುದಿಲ್ಲ, ವ್ಯಾಖ್ಯಾನವನ್ನು ಬೇಡುತ್ತವೆ. ಬೇಂದ್ರೆ ಭಾಷಣಗಳಲ್ಲಿ ಸ್ವತಃ ವ್ಯಾಖ್ಯಾನಕಾರರಾದರು; ವಾಮನ ಬೇಂದ್ರೆಯವರು ‘ಔದುಂಬರಗಾಥೆ’ಯ ಸಂಪುಟಗಳಲ್ಲಿ ಟಿಪ್ಪಣಿಗಳನ್ನು ಒದಗಿಸಿದರು. ಅವುಗಳ ಉಪಯೋಗ ದೊಡ್ಡದು. ಆದರೆ ಕಲಿಸುವವನು ಹಾಡುವವನಿಗಿಂತ ಒಂದು ಹೆಜ್ಜೆ ಮುಂದೆ ಬಂದದ್ದೂ ಅಷ್ಟೇ ದಿಟ.

‘ಗರಿ’ಯ (1932) ‘ಬೆಳಗು’ ಕವಿತೆಯಲ್ಲಿ ಹೀಗಿರಲಿಲ್ಲ. ಬೆಳಕು, ಹಕ್ಕಿಯ ದನಿ, ತಂಗಾಳಿ ಒಂದೊಂದಾಗಿ ಇಂದ್ರಿಯಗಳನ್ನು ಎಚ್ಚರಿಸಿದ ಮೇಲೆಯೇ ಶಾಂತಿಯ ಹೆಸರು ಬರುತ್ತದೆ, ಅದೂ ಕಟ್ಟಕಡೆಗೆ. ನಮ್ಮ ಪರೀಕ್ಷೆಗಳು ಕೇಳುವ ಮೊದಲ ಪ್ರಶ್ನೆ ಮಾತ್ರ ಇಲ್ಲಿನ ರಸ ಯಾವುದು ಎಂಬುದೇ! ನಾನೂ ಹಲವು ವರ್ಷ ಹಾಗೆಯೇ ಪಾಠ ಮಾಡಿದೆ. ಶಬ್ದಾರ್ಥ, ಸಾರಾಂಶ, ಟಿಪ್ಪಣಿ ಬರೆಸಿದೆ. ವಿದ್ಯಾರ್ಥಿಗಳು ಅಂಕ ಪಡೆದರು, ಕವಿತೆ ಅವರ ನಾಲಿಗೆಯ ಮೇಲೆ ಉಳಿಯಲಿಲ್ಲ. ಒಮ್ಮೆ ಪುಸ್ತಕ ಮುಚ್ಚಿಸಿ, ಅರ್ಥ ಹೇಳದೆ, ಒಂದು ವಾರ ಬರಿದೆ ಒಟ್ಟಾಗಿ ಹಾಡಿಸಿದೆ. ಧಾರವಾಡದ ಉಚ್ಚಾರಣೆ ಬಾರದ ಹಳೆ ಮೈಸೂರು ಕಡೆಯ ಹುಡುಗರು ತಮ್ಮ ಊರಿನ ಸೋಬಾನೆಯ ಎಳೆತದಲ್ಲಿ ಹಾಡಿದರು. ಮಾತ್ರೆಗಳು ಕೆಲವೆಡೆ ತಪ್ಪಿದವು. ನಾನು ತಿದ್ದಲು ಹೋಗಲಿಲ್ಲ. ಐದನೆಯ ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ಇದು ಬೆಳಗಿನ ಹಾಡಾಗಿದ್ದರೆ ಕೊನೆಯಲ್ಲಿ ಕಣ್ಣಿಗೆ ಕಾಣದುದರ ಮಾತೇಕೆ ಬಂತು ಎಂದು ಕೇಳಿದಳು.