ಗಾಲಿಯ ಗುಂಬದೊಳಗಿನ ಗುಂಡುಗಳು

ಕಾರಿನ ಗಾಲಿಯ ಬೇರಿಂಗು ಸಾಮಾನ್ಯವಾಗಿ ಒಮ್ಮಿಂದೊಮ್ಮೆಗೆ ಕೆಡುವುದಿಲ್ಲ. ವೇಗದೊಡನೆ ಏರುತ್ತ, ಗೇರನ್ನು ನ್ಯೂಟ್ರಲ್ಲಿಗೆ ತಂದು ಎಂಜಿನ್ನಿನ ಸದ್ದನ್ನು ತಗ್ಗಿಸಿದರೂ ತಾನು ತಗ್ಗದೆ ಉಳಿಯುವ ಒಂದು ಮಂದ್ರನಾದದಿಂದ ಅದು ತನ್ನ ಅವಸ್ಥೆಯನ್ನು ಬಹುಕಾಲ ಮುಂಚಿತವಾಗಿಯೇ ತಿಳಿಸುತ್ತಿರುತ್ತದೆ. ಅದನ್ನು ಟೈರಿನ ಸದ್ದೆಂದು ಭ್ರಮಿಸಿ ಸುಮ್ಮನಿರುವವರೇ ಹೆಚ್ಚು. ಭೇದವನ್ನು ಅರಿಯುವುದು ಕಷ್ಟವೇನಲ್ಲ. ಟೈರಿನ ಸದ್ದು ಡಾಂಬರು, ಕಾಂಕ್ರೀಟು ಎಂದು ರಸ್ತೆಯ ಮೈ ಬದಲಾದಂತೆ ತಾನೂ ಬದಲಾಗುತ್ತದೆ. ಬೇರಿಂಗಿನದಾದರೋ ತಿರುವುಗಳಿಗೆ ಓಗೊಡುತ್ತದೆ. ಎಡಕ್ಕೆ ತಿರುಗುವಾಗ ಭಾರವು ಬಲಗಾಲಿಗಳ ಮೇಲೆ ಬೀಳುವುದರಿಂದ, ಆಗ ಗೊಣಗು ಹೆಚ್ಚಿದರೆ ಬಲಗಡೆಯನ್ನೇ ಶಂಕಿಸತಕ್ಕದ್ದು. ಗಾಲಿಯನ್ನು ಜಾಕಿಯ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಆಟ ಕಂಡರೆ, ಕೈಯಿಂದ ತಿರುಗಿಸಿದಾಗ ಮರಳು ಅರೆದಂತೆ ಗರಗರ ಎಂದರೆ ಸಂಶಯಕ್ಕೆ ಆಸ್ಪದವಿಲ್ಲ.

1983ರಲ್ಲಿ ಮೊದಲು ರಸ್ತೆಗಿಳಿದ ಮಾರುತಿ 800ರ ಹಿಂದಿನ ಗಾಲಿಯು ಬೇರಿಂಗು ಬದಲಿಸುವ ವಿದ್ಯೆಯನ್ನು ಮನೆಯಂಗಳದಲ್ಲಿ ಅಭ್ಯಾಸಮಾಡಲು ಬಹು ಪ್ರಶಸ್ತವಾದುದು. ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೆ ಮಾತ್ರ ಹೋಗುವ ಈ ಕಾರಿನಲ್ಲಿ ಹಿಂದಿನವು ಕೇವಲ ಉರುಳತಕ್ಕವು. ಬ್ರೇಕ್ ಡ್ರಮ್ಮಿನ ಒಳಗೆ ಎರಡು ಬಾಲ್ ಬೇರಿಂಗುಗಳು, ಅವುಗಳ ನಡುವೆ ಸ್ಪೇಸರ್ ಎಂಬ ಒಂದು ಉಕ್ಕಿನ ಕೊಳವೆ, ಹೊರಗೆ ಕ್ಯಾಸಲ್ ನಟ್ಟು, ಅದು ಬಿಚ್ಚಿಕೊಳ್ಳದಂತೆ ಎತ್ತಿನ ಗಾಡಿಯ ಕಡಾಣಿಯ ಹಾಗೆ ಕಾಯುವ ಸ್ಪ್ಲಿಟ್ ಪಿನ್ನು: ಇಷ್ಟೇ ಅದರ ಸಂಸಾರ.

ಬಿಗಿಯಾದ ನಟ್ಟನ್ನು ಗಾಲಿ ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಬೇಕು. ಡ್ರಮ್ಮು ಹೊರಬರಲು ಹ್ಯಾಂಡ್ ಬ್ರೇಕನ್ನು ಇಳಿಸಲೇಬೇಕಾದುದರಿಂದ, ಗೇರಿನಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಕಲ್ಲನ್ನೋ ಮರದ ತುಂಡನ್ನೋ ಅಡ್ಡಕೊಡುವುದನ್ನು ಯಾವ ಕಾರಣಕ್ಕೂ ಬಿಡಕೂಡದು. ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡನ್ನೂ ಇಡತಕ್ಕದ್ದು. ಡ್ರಮ್ಮಿನೊಳಗಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುವುದುಂಟು.

ಹಳೆಯ ಬೇರಿಂಗನ್ನು ಹೊರಡಿಸುವಲ್ಲಿ ಒಂದು ಕೌಶಲವಿದೆ. ಡ್ರಮ್ಮನ್ನು ಎರಡು ಮರದ ತುಂಡುಗಳ ಮೇಲಿರಿಸಿ, ನಡುವಿನ ಸ್ಪೇಸರನ್ನು ಕಂಬಿಯಿಂದ ಒಂದು ಪಕ್ಕಕ್ಕೆ ಸರಿಸಿದರೆ ಕೆಳಗಿನ ಬೇರಿಂಗಿನ ಒಳಬಳೆಯ ಅಂಚು ಕೂದಲೆಳೆಯಷ್ಟು ಕಾಣಿಸುತ್ತದೆ. ಆ ಅಂಚಿಗೆ ಕಂಬಿಯನ್ನೂರಿ, ಸುತ್ತಲೂ ಒಂದೊಂದು ಕಡೆ ಒಂದೊಂದು ಪೆಟ್ಟಿನಂತೆ ಬಡಿಯುತ್ತ ಹೋದರೆ ಅದು ಓರೆಯಾಗದೆ ಇಳಿದುಬರುತ್ತದೆ.

ಹೊರಗೆ ಬಂದ ಬೇರಿಂಗಿನ ಮೈಮೇಲೆ ಕೊರೆದ ಸಂಖ್ಯೆಯನ್ನು ಓದಿಕೊಳ್ಳುವುದು ಒಂದು ಸಂತೋಷ. ಕೊನೆಯ ಎರಡಂಕಿ 04 ಅಥವಾ ಅದಕ್ಕೆ ಮೇಲ್ಪಟ್ಟಿದ್ದಾಗ ಅದನ್ನು 5ರಿಂದ ಗುಣಿಸಿದರೆ ಒಳರಂಧ್ರದ ವ್ಯಾಸ ಮಿಲಿಮೀಟರುಗಳಲ್ಲಿ ದೊರೆಯುತ್ತದೆ. 6204 ಎಂದರೆ 20, 6205 ಎಂದರೆ 25. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಈ ಸಂಖ್ಯೆಯನ್ನು ಹೇಳಿದರೆ ಸಾಕು, ಹೆಚ್ಚಿನ ವಿವರಣೆ ಬೇಡ. ಒಂದು ಮಾತ್ರ ಕೆಟ್ಟಿದ್ದರೂ ಡ್ರಮ್ಮಿನ ಎರಡನ್ನೂ ಕೊಳ್ಳುವುದೇ ವಿವೇಕ.

ಹೊಸದನ್ನು ಕೂರಿಸುವ ಘಳಿಗೆಯೇ ಈ ಕಾರ್ಯದ ಪ್ರಾಣ. ಯಾವ ಬಳೆ ಬಿಗಿಯಾಗಿ ಕೂರಬೇಕೋ ಆ ಬಳೆಯ ಮೇಲೆಯೇ ಪೆಟ್ಟು ಬೀಳಬೇಕು. ಡ್ರಮ್ಮಿಗೆ ಕೂರತಕ್ಕದ್ದು ಹೊರಬಳೆ. ಅವಸರದಿಂದ ಒಳಬಳೆಯ ಮೇಲೆ ಸುತ್ತಿಗೆಯಿಟ್ಟರೆ ಆ ಆಘಾತವು ಗುಂಡುಗಳ ಮೂಲಕವೇ ಹಾದುಹೋಗಿ, ಕನ್ನಡಿಯಂಥ ಓಟದ ಹಾದಿಯಲ್ಲಿ ಕಣ್ಣಿಗೆ ಕಾಣದ ಕುಳಿಗಳನ್ನೊತ್ತುತ್ತದೆ. ಹೊಸ ಬೇರಿಂಗು ಹುಟ್ಟುವಾಗಲೇ ಮುಪ್ಪನ್ನು ಪಡೆಯುತ್ತದೆ. ಹೊರಬಳೆಯ ಅಳತೆಗೆ ಸರಿಯಾದ ಬಾಕ್ಸ್ ಸ್ಪ್ಯಾನರಿನ ಸಾಕೆಟ್ಟನ್ನು ಮೇಲಿಟ್ಟು ನಿಧಾನವಾಗಿ ಬಡಿಯಿರಿ: ಟಣ್ ಎನ್ನುತ್ತಿದ್ದ ಸದ್ದು ದಪ್ಪನಾಗಿ ಬದಲಾದಾಗ ಅದು ತಳ ಮುಟ್ಟಿತೆಂದು ತಿಳಿಯತಕ್ಕದ್ದು. ಎರಡನೆಯದನ್ನು ಹಾಕುವ ಮುನ್ನ ಸ್ಪೇಸರನ್ನು ಮರೆಯಬೇಡಿ. ನಟ್ಟಿನ ಬಿಗಿಯನ್ನು ಒಳಬಳೆಗಳ ನಡುವೆ ನಿಂತು ಹೊರುವುದು ಅದೇ. ಅದಿಲ್ಲದೆ ಬಿಗಿದರೆ ಆ ಒತ್ತಡವೆಲ್ಲ ಗುಂಡುಗಳ ಪಾಲಾಗುತ್ತದೆ. ಗಂಟೆಗಳನ್ನೆಣಿಸುವ ಗ್ಯಾರೇಜಿನವನಿಗಿಂತ, ಬಿಡುವುಳ್ಳ ಮನೆಯೊಡೆಯನು ಈ ಕೆಲಸವನ್ನು ಉತ್ತಮವಾಗಿ ಮಾಡಬಲ್ಲನೆಂದು ನಾನು ನಂಬಿರುವುದು, ಇಲ್ಲಿ ಅವಸರ ಸಲ್ಲದೆಂಬ ಕಾರಣದಿಂದಲೇ.

ನಟ್ಟನ್ನು ಕಂಪನಿಯ ಕೈಪಿಡಿ ಹೇಳಿದಷ್ಟೇ ಟಾರ್ಕ್ ರೆಂಚಿನಿಂದ ಬಿಗಿದು, ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಿರಿ; ಬಾಗಿಸಿ ನೆಟ್ಟಗೆ ಮಾಡಿದ ಹಳೆಯದು ಮುರಿದೀತು. ಸ್ವಲ್ಪ ದೂರ ಓಡಿಸಿ ಬಂದಮೇಲೆ ಎರಡೂ ಹಿಂದಿನ ಗಾಲಿಗಳ ಗುಂಬದ ಬಳಿ ಕೈ ಹಿಡಿದು ನೋಡಬಹುದು. ಹೊಸದು ಇನ್ನೊಂದಕ್ಕಿಂತ ಬಹಳ ಬಿಸಿಯಾಗಿದ್ದರೆ ಮತ್ತೆ ಬಿಚ್ಚಿ ಪರೀಕ್ಷಿಸಬೇಕು. ಮುಂದಿನ ಗಾಲಿಗಳ ಮಾತು ಬೇರೆ. ಅಲ್ಲಿ ಹಬ್ಬನ್ನು ಬೇರಿಂಗಿನಿಂದ ಎಳೆದು, ಹೊಸದನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕಾಗುವುದರಿಂದ, ಆ ಭಾಗವನ್ನು ಕಳಚಿ ಹೈಡ್ರಾಲಿಕ್ ಪ್ರೆಸ್ಸುಳ್ಳ ವರ್ಕ್‌ಷಾಪಿಗೆ ಕೊಂಡೊಯ್ಯಿರಿ.